ಕಳೆದುಕೊಂಡವರು ಯಾರು, ಸತ್ತವರು ಯಾರು?

1984ರಲ್ಲಿ ಮೊರಾಕ್ಕೊದ ಮೊಹಮ್ಮದೀಯಾದಲ್ಲಿ ನಿರ್ಮಾಣ ಹಂತದಲ್ಲಿದ್ದ ವಿದ್ಯುತ್ ಸ್ಥಾವರವೊಂದರಲ್ಲಿ, ಬೆಸುಗೆ ಪರೀಕ್ಷಿಸುವ ಉಪಕರಣದಿಂದ ವಿಕಿರಣ ಸೂಸುವ ಇರಿಡಿಯಮ್-192ರ ತುಂಡೊಂದು ಕಳಚಿ ಬಿತ್ತು. ಎಚ್ಚರಿಕೆಯ ಚಿಹ್ನೆಯಿದ್ದುದು ಪೆಟ್ಟಿಗೆಯ ಮೇಲೆ, ತುಂಡಿನ ಮೇಲಲ್ಲ. ದಾರಿಹೋಕನೊಬ್ಬ ಅದನ್ನು ಮನೆಗೊಯ್ದ. 8 ಮಂದಿ ಪ್ರಾಣ ತೆತ್ತರು.

2010ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್-60ರ ಉಪಕರಣವನ್ನು ಹರಾಜು ಹಾಕಿತು. ಅದು ಮಾಯಾಪುರಿಯ ಗುಜರಿ ಅಂಗಡಿ ಸೇರಿತು. ಅಲ್ಲಿನ ಕಾರ್ಮಿಕನೊಬ್ಬ ಅಸುನೀಗಿದ.

2023ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗಣಿಯಿಂದ ಸಾಗಿಸುತ್ತಿದ್ದ ಮಾಪಕದೊಳಗಿನ, 8 ಮಿಲಿಮೀಟರ್ ಉದ್ದದ ಸೀಸಿಯಮ್-137ರ ಗುಳಿಗೆ ದಾರಿಯಲ್ಲಿ ಉದುರಿತು. ಅಲ್ಲಿನ ಸರಕಾರ ಜನರನ್ನು ಬಹಿರಂಗವಾಗಿ ಎಚ್ಚರಿಸಿ, ಸುಮಾರು 1,400 ಕಿಲೋಮೀಟರ್ ಹಾದಿಯಲ್ಲಿ ಶೋಧ ನಡೆಸಿ ಅದನ್ನು ಪತ್ತೆಹಚ್ಚಿತು. ಯಾರೂ ಸಾಯಲಿಲ್ಲ.

ಕಳೆದುಕೊಳ್ಳುವುದು ತಪ್ಪು, ಲೆಕ್ಕವಿಡದಿರುವುದು, ಕಳೆದುದನ್ನು ಹೇಳದಿರುವುದು ಅದಕ್ಕಿಂತ ದೊಡ್ಡ ಅಪರಾಧವೆಂದು ನಾವು ಭಾವಿಸುತ್ತೇವೆ. ಇಂತಹ ಉಪಕರಣಗಳನ್ನು ಇರಿಸಿಕೊಂಡ ಸಂಸ್ಥೆಗಳು ಕೊನೆಯವರೆಗೂ ಅವುಗಳ ಲೆಕ್ಕ ಒಪ್ಪಿಸಲಿ. ಕಳೆದುಹೋದರೆ ಆ ಸುದ್ದಿ ಮೊದಲು ಗುಜರಿ ಆಯುವವರಿಗೆ, ಕೂಲಿಕಾರರಿಗೆ, ಅವರದೇ ಭಾಷೆಯಲ್ಲಿ ತಲುಪಲಿ. ಹೊಳೆಯುವ ಲೋಹ ಕಂಡರೆ ಹಸಿದವನು ಎತ್ತಿಕೊಳ್ಳುತ್ತಾನೆ. ಅದು ಆತನ ತಪ್ಪಲ್ಲ.