ಮೊಪೆಡ್ ಅಂದ್ರೆ ನಗಬೇಡಿ

"ಅಪ್ಪಾ, ಇನ್ನಾದ್ರೂ ಅದನ್ನ ಮಾರಿಬಿಡು. ಸೊಸೈಟಿಯಲ್ಲಿ ಎಲ್ಲರೂ ನಗ್ತಾರೆ."

ಕಳೆದ ಭಾನುವಾರ ಫುಲೆ ಮಂಡಈಯಿಂದ ಎರಡು ಚೀಲ ತರಕಾರಿ, ಮೇಲೊಂದು ಕುಂಬಳಕಾಯಿ ಹೇರಿಕೊಂಡು ಬಂದಾಗ ಮಗ ಹೇಳಿದ ಮಾತಿದು. ಮನೆಯಲ್ಲಿ ಕಾರಿಲ್ಲ ಅಂತಲ್ಲ. ಆದರೆ ಪುಣೆಯ ಹಳೇ ಪೇಟೆಗಳ ಗಲ್ಲಿಯಲ್ಲಿ ಕಾರು ನಿಲ್ಲಿಸೋಕೆ ಜಾಗ ಹುಡುಕುವಷ್ಟರಲ್ಲಿ ನನ್ನ ಮೊಪೆಡ್ ಮನೆ ಸೇರಿರುತ್ತೆ!

ನಾನು ಧಾರವಾಡ ಬಿಟ್ಟು ಈ ಊರಿಗೆ ಬಂದದ್ದು 1993ರಲ್ಲಿ. ಮರುವರ್ಷ ಒಂದು ಸೆಕೆಂಡ್ ಹ್ಯಾಂಡ್ ಲೂನಾ ತಗೊಂಡೆ. ಲೂನಾ ಈ ಊರಿನದೇ ಕೂಸು. ಪುಣೆಯ ಕೈನೆಟಿಕ್‌ನವರು 1972ರಲ್ಲಿ ಅದನ್ನು ರಸ್ತೆಗೆ ಇಳಿಸಿದ್ದು. 50 ಸಿಸಿ ಇಂಜಿನ್, ಗೇರಿಲ್ಲ, ಸೈಕಲ್ಲಿನ ಹಾಗೆ ಪೆಡಲ್ಲು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚಿ, ಕರಿ ಉಜ್ಜಿ ತೆಗೆದು, ಮತ್ತೆ ಹಾಕಿದರೆ ಆಯ್ತು. ಒಮ್ಮೆ ಸಿಂಹಗಡ ರಸ್ತೆಯಲ್ಲಿ ಪೆಟ್ರೋಲ್ ಮುಗಿದು, ನಾನು ಪೆಡಲ್ ತುಳಿಯುತ್ತಾ, ಹೆಂಡತಿ ಪಕ್ಕದಲ್ಲಿ ನಡೆಯುತ್ತಾ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವಳೇ ಮುಂದೆ!

ಆಮೇಲೆ 2004ರಲ್ಲಿ ಟಿವಿಎಸ್ ಎಕ್ಸ್‌ಎಲ್. ನಮ್ಮ ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಕಂಪನಿಯದು. ಇಬ್ಬರು ಕೂರುವಂಥ ಟಿವಿಎಸ್ 50 ಮೊಪೆಡ್ಡನ್ನು ಅವರು ತಂದದ್ದು 1980ರಲ್ಲಿ. ಈಗ ನನ್ನ ಹತ್ತಿರ ಇರೋದು ಎಕ್ಸ್‌ಎಲ್ 100.

ಹಾಗಂತ ಹಳೇದನ್ನೆಲ್ಲಾ ಹೊಗಳೋಕೆ ಕೂತಿಲ್ಲ. ಮೊದಲಿನ ಎರಡೂ ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನ ಜೊತೆ ಆಯಿಲ್ಲೂ ಸುಟ್ಟು, ಅರ್ಧಂಬರ್ಧ ಉರಿದದ್ದೆಲ್ಲಾ ಸೈಲೆನ್ಸರಿನಿಂದ ಹೊರಗೆ. ನನ್ನ ಹಿಂದೆ ಬಂದವರು ಎಷ್ಟು ಶಾಪ ಹಾಕಿದ್ದಾರೋ! ಈಗಿನದು ಫೋರ್ ಸ್ಟ್ರೋಕ್, ಆ ಕಾಟ ಇಲ್ಲ. ಹೈವೇಗಂತೂ ನಾನು ಇದನ್ನು ಒಯ್ಯೋದೇ ಇಲ್ಲ. ಪಕ್ಕದಲ್ಲಿ ಲಾರಿ ಹೋದರೆ ಗಾಳಿಗೇ ಗಾಡಿ ಅಲ್ಲಾಡುತ್ತೆ.

ಆದರೆ ಮೊಪೆಡ್ ಓಡಿಸೋಕೆ ಜನ ಹಿಂಜರಿಯೋದು ಹೊಗೆಗೂ ಅಲ್ಲ, ಲಾರಿಗೂ ಅಲ್ಲ. ನಾಚಿಕೆಗೆ. ಇದನ್ನು ನಾನು ಗ್ಯಾರಂಟಿಯಾಗಿ ಹೇಳಬಲ್ಲೆ, ಯಾಕಂದ್ರೆ ನನಗೂ ಇತ್ತು. ಆಫೀಸರ್ ಆಗಿ ಪ್ರಮೋಷನ್ ಬಂದ ಹೊಸದರಲ್ಲಿ ಮೀಟಿಂಗಿಗೆ ಹೋಗುವಾಗ ಗಾಡಿಯನ್ನು ಪಕ್ಕದ ಗಲ್ಲಿಯಲ್ಲಿ ನಿಲ್ಲಿಸಿ ನಡೆದು ಹೋಗ್ತಿದ್ದೆ.

ಅದು ನನ್ನೊಬ್ಬನಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. 2011ರಲ್ಲಿ ಒಬ್ಬ ಹೂವಿನ ವ್ಯಾಪಾರಿ ಸಾಲ ಕೇಳಿಕೊಂಡು ನನ್ನ ಟೇಬಲ್ಲಿಗೆ ಬಂದ. ಬೇಕಾಗಿದ್ದದ್ದು ಮೊಪೆಡ್. ನಾನು ಕಾಗದ ನೋಡಿ, "ಇನ್ನೂ ಜಾಸ್ತಿ ಸಾಲ ಸಿಗುತ್ತೆ, ಬೈಕೇ ತಗೊಳ್ಳಪ್ಪ, ನಾಲ್ಕು ಜನ ಮರ್ಯಾದೆ ಕೊಡ್ತಾರೆ" ಅಂದೆ. ಅವನು ತಲೆಯಾಡಿಸಿ ಬೈಕು ತಗೊಂಡ. ಹೂವಿನ ಬುಟ್ಟಿ ಎಲ್ಲಿಡೋದು? ಬೈಕಿನ ಮುಂದೆ ಟ್ಯಾಂಕ್. ಮೊಪೆಡ್ಡಿನಲ್ಲಾದರೆ ಕಾಲ ಹತ್ತಿರ ಬಯಲು ಜಾಗ, ಹಿಂದಿನ ಸೀಟು ಬಿಚ್ಚಿಟ್ಟರೆ ಅಲ್ಲೂ ಬುಟ್ಟಿ. ಇದ್ದೊಬ್ಬ ತಮ್ಮನಿಗೆ ಬೈಕಿನ ಗೇರು ಬಾರದು, ಹಾಗಾಗಿ ಅವನ ಸಹಾಯವೂ ತಪ್ಪಿತು. ಆರನೇ ತಿಂಗಳಿಗೆ ಕಂತು ನಿಂತಿತು. ಕೊನೆಗೆ ಬೈಕನ್ನು ನಷ್ಟಕ್ಕೆ ಮಾರಿ ಸಾಲ ತೀರಿಸಿ, ಹಳೇ ಮೊಪೆಡ್ ಕೊಂಡ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬಿಕಾಂನಲ್ಲಿ ಲಾಭ ನಷ್ಟ ಕಲಿತವನು ನಾನು. ದಿನಾ ಮೊಪೆಡ್ ಓಡಿಸುತ್ತಿದ್ದವನೂ ನಾನೇ. ಅದರ ಉಪಯೋಗ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ನನ್ನ ನಾಚಿಕೆಯನ್ನು ಅವನ ತಲೆಗೆ ಕಟ್ಟಿದೆ, ಕಂತು ಅವನು ತುಂಬಿದ.

ಅವತ್ತಿನಿಂದ ಸಾಲ ಕೇಳಿ ಬಂದವರಿಗೆ ನಾನು ಕೇಳೋದು ಮೂರೇ ಪ್ರಶ್ನೆ. ಎಷ್ಟು ದೂರ ಹೋಗಬೇಕು? ಏನು ಹೇರಬೇಕು? ಮನೆಯಲ್ಲಿ ಇನ್ಯಾರು ಓಡಿಸ್ತಾರೆ? ಮರ್ಯಾದೆಯ ಮಾತು ಎತ್ತೋದೇ ಇಲ್ಲ. ಇದೇ ಪುಣೆಯಿಂದ 2024ರ ಫೆಬ್ರವರಿಯಲ್ಲಿ ಬ್ಯಾಟರಿಯ ಇ-ಲೂನಾ ಬಂತು. ಸೀರೆ ಉಟ್ಟವರೂ ಸಲೀಸಾಗಿ ಹತ್ತುವ, ಮುಂದೆ ಮೂಟೆ ಇಡುವ ಗಾಡಿ ಇನ್ನೂ ಬೇಕಾಗಿದೆ ಅಂತ ತಯಾರಿಸೋರಿಗೂ ಗೊತ್ತಿದೆ ಅಂತಾಯ್ತು.

ಮಗನಿಗೆ ಈ ಹೂವಿನವನ ಕಥೆ ಹೇಳಿದೆ. ಸುಮ್ಮನಿದ್ದ. ಸಂಜೆ ಹಾಲು ತರೋಕೆ ಕೀಲಿ ಕೇಳಿದ. ಯಾವ ಗಾಡೀದು ಅಂತ ನಾನು ಕೇಳಲಿಲ್ಲ, ಮೊಪೆಡ್ಡಿನದೇ ಕೊಟ್ಟೆ. ತಗೊಂಡು ಹೋದ.

ನಿಮ್ಮ ಮನೆಯಲ್ಲೂ ಒಂದು ಹಳೇ ಮೊಪೆಡ್ ಮೂಲೆ ಸೇರಿದೆಯಾ? ಒಮ್ಮೆ ಹೊರಗೆ ತೆಗೆದು ನೋಡಿ. ಏನಂತೀರಿ?