ಕಾರ್ಡ್ ಸಿಕ್ಕರ ಮನಿ ಸಿಕ್ಕಂಗಲ್ಲ

ಎಸ್ಟೋನಿಯಾದ ಇ-ರೆಸಿಡೆನ್ಸಿ ತಗೊಂಡ್ರ ಯಾವ ದೇಶದಾಗ ಕೂತು ದುಡಿದ್ರೂ ಚಿಂತಿಲ್ಲ, ಟ್ಯಾಕ್ಸೂ ಉಳೀತದ ಅಂತ ನಮ್ಮ ಹುಡುಗೂರು ಹೇಳ್ತಾರ. ಖರೇ ಅಲ್ರೀ ಇದು.

2014ರಾಗ ಶುರುವಾದ ಈ ಕಾರ್ಡಿನಿಂದ ಅಲ್ಲಿ ಕಂಪನಿ ತೆಗೀಬಹುದು, ಡಿಜಿಟಲ್ ಸಹಿ ಹಾಕಬಹುದು. ಅಷ್ಟ. ಅದು ವೀಸಾ ಅಲ್ಲ. ಅಲ್ಲಿ ಇರಲಿಕ್ಕೆ 2020ರಾಗ ಬ್ಯಾರೇನ ವೀಸಾ ತಂದಾರ. ಬ್ಯಾಂಕ್ ಖಾತೆದ ಖಾತ್ರಿನೂ ಇಲ್ಲ. ವರ್ಷದಾಗ 182 ದಿನ ಭಾರತದಾಗ ಇದ್ರ ಸಾಧಾರಣ ಟ್ಯಾಕ್ಸ್ ಲೆಕ್ಕ ಇಲ್ಲೇ ಕೊಡಬೇಕು. ಕಂಪನಿ ತೆಗೆದ್ರಂತೂ ವ್ಯಾಪಾರ ಆಗ್ಲಿ ಬಿಡ್ಲಿ, ವರ್ಷಾ ವರದಿ ಸಲ್ಲಿಸಬೇಕು.

ಯುರೋಪಿನಾಗ ನಾಕು ಗಿರಾಕಿ ಇದ್ದವರಿಗೆ ಇದು ಒಪ್ಪತದ. ಒಂದ ಕಂಪನಿ ಪಗಾರದ ಮ್ಯಾಲೆ ಊರೂರು ತಿರುಗೋ ಹುಡುಗಗ ಯಾಕ ಬೇಕು? "ರೆಸಿಡೆನ್ಸಿ" ಅಂತ ಹೆಸರಿಟ್ಟದ್ದ ಮೊದಲನೇ ಮೋಸ. ರೊಕ್ಕ ಕಟ್ಟೋಕಿಂತ ಮೊದಲ ಎರಡ ಪ್ರಶ್ನಿ ಕೇಳ್ರಿ: ರಾತ್ರಿ ಮಲಗೋದು ಎಲ್ಲಿ, ತೆರಿಗಿ ಕಟ್ಟೋದು ಎಲ್ಲಿ? ಕಾರ್ಡು ಎರಡಕ್ಕೂ ಉತ್ತರ ಕೊಡೂದಿಲ್ಲ.