ಗ್ಯಾಸ್ಟ್ರಿಕ್ ಗುಳಿಗೆ ಸಾಕು, ಊಟ ಕೇಳುವವರನ್ನು ಕೊಡಿ

ನಮ್ಮ ಕಡೆ ಹೊಟ್ಟೆಯ ಕಾಯಿಲೆಗಳಿಗೆಲ್ಲ ಒಂದೇ ಹೆಸರು: ಗ್ಯಾಸ್ಟ್ರಿಕ್. ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್, ದಿನಕ್ಕೆ ನಾಲ್ಕು ಸಲ ಚೊಂಬು ಹಿಡಿದು ಓಡಿದರೂ ಗ್ಯಾಸ್ಟ್ರಿಕ್. ಔಷಧಿಯೂ ಒಂದೇ: ಬರಿಹೊಟ್ಟೆಗೆ ನುಂಗುವ ಗುಳಿಗೆ.

ನಮ್ಮೂರಿನ ಒಬ್ಬ ಅಕ್ಕ ಮೂರು ವರ್ಷದಿಂದ ಅದನ್ನು ನುಂಗುತ್ತಿದ್ದಾರೆ. ಯಾರೋ ಬೇಳೆ ಬಿಡು ಅಂದರು, ಬಿಟ್ಟರು. ಯೂಟ್ಯೂಬ್ ಹಾಲು ಬಿಡು ಅಂದಿತು, ಬಿಟ್ಟರು. ಶೇಂಗಾ, ಮೊಟ್ಟೆ, ಹಣ್ಣು ಒಂದೊಂದಾಗಿ ಹೋದವು. ಈಗ ಉಳಿದಿರುವುದು ಅನ್ನ, ನೀರು ಮಜ್ಜಿಗೆ. "ಏನ್ ತಿಂದ್ರೂ ಆಗಂಗಿಲ್ಲ ತಮ್ಮಾ, ಅದಕ್ಕ ತಿನ್ನೋದ ಬಿಟ್ಟೀನಿ" ಅಂದರು. ಹೊಟ್ಟೆನೋವು ಹೋಗಿಲ್ಲ, ಮೈಯಲ್ಲಿ ರಕ್ತ ಕಡಿಮೆಯಾಗಿದೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗಳೆಲ್ಲ ಮುಗಿದವು. ಹುಣ್ಣಿಲ್ಲ, ಗಡ್ಡೆಯಿಲ್ಲ, ಐಬಿಎಸ್ ಅಂದರು. ಕೈಗೆ ಇಂಗ್ಲಿಷಿನ ಡಯಟ್ ಚಾರ್ಟ್ ಕೊಟ್ಟು ಕಳಿಸಿದರು. ಅದರಲ್ಲಿ ಓಟ್ಸ್ ಇತ್ತು, ಬ್ರೊಕೊಲಿ ಇತ್ತು. ಜೋಳದ ರೊಟ್ಟಿ ಇರಲಿಲ್ಲ.

ಐಬಿಎಸ್‌ಗೆ ಊಟದಲ್ಲೇ ದಾರಿಯಿದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಲೋ ಫಾಡ್‌ಮ್ಯಾಪ್ ಪದ್ಧತಿ ಅಂಥದ್ದು. ಕರುಳಿನಲ್ಲಿ ಹುದುಗಿ ಗಾಳಿ ಎಬ್ಬಿಸುವ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕೆಲವು ಕಾಳುಗಳನ್ನು 2ರಿಂದ 6 ವಾರ ಮಾತ್ರ ದೂರ ಇಡುತ್ತಾರೆ. ಆಮೇಲೆ ಒಂದೊಂದನ್ನೇ ಮರಳಿ ತಿನ್ನಿಸಿ, ಆಗದಿರುವುದು ಯಾವುದು ಎಂದು ಹಿಡಿಯುತ್ತಾರೆ. ಉಳಿದದ್ದೆಲ್ಲ ತಟ್ಟೆಗೆ ವಾಪಸ್. ಬಿಡಿಸುವುದು ಯಾರಿಂದಲೂ ಆಗುತ್ತದೆ, ಮರಳಿ ತಿನ್ನಿಸುವುದು ಕಲಿತವರ ಕೆಲಸ. ಆ ಅಕ್ಕನಿಗೆ ಸಿಗದೇ ಹೋದದ್ದು ಅದೇ.

ಇಂಗನ್ನೇ ನೋಡಿ. ಬೆಳ್ಳುಳ್ಳಿ ಬಿಟ್ಟ ಐಬಿಎಸ್ ರೋಗಿಯ ಒಗ್ಗರಣೆಗೆ ಚಿಟಿಕೆ ಇಂಗು ಆದೀತು. ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ರೋಗಿಗೆ ಅದೇ ಇಂಗು ಕುತ್ತಾಗಬಹುದು. ಅಂಗಡಿಯ ಎಷ್ಟೋ ಇಂಗಿನ ಡಬ್ಬಿಗಳಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಇದನ್ನೆಲ್ಲ ಎಲ್ಲರಿಗೂ ಒಂದೇ ಆದ ಚಾರ್ಟ್ ಹೇಳುತ್ತದೆಯೇ?

ಆಹಾರ ತಜ್ಞರ ಹತ್ತಿರ ಮೂರು ನಾಲ್ಕು ಸಲವಾದರೂ ಮಾತಾಡಬೇಕು. ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಉಳಿದೀತು, ನಾಲ್ಕು ದಿನದ ಕೂಲಿ ಉಳಿಯುವುದಿಲ್ಲ. ನಗರದವರು ದುಡ್ಡು ಕೊಟ್ಟು ಆಪ್‌ನಲ್ಲಿ ತಜ್ಞರನ್ನು ಮಾತಾಡಿಸುತ್ತಾರೆ. ಹಳ್ಳಿಗೆ ಈ ಸೌಲಭ್ಯ ಯಾಕಿಲ್ಲ? ದಾರಿ ಆಗಲೇ ಇದೆ. 2019ರಲ್ಲಿ ಶುರುವಾದ ಇ-ಸಂಜೀವಿನಿಯಲ್ಲಿ ಊರಿನ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ವಿಡಿಯೊ ಕರೆಯಲ್ಲಿ ಡಾಕ್ಟರನ್ನು ತೋರಿಸುತ್ತಾರೆ. ವರದಿಗೆಂದು ಹೋಗಿ ಇಂಥ ಕರೆಗಳನ್ನು ನೋಡಿದ್ದೇನೆ. ಎರಡು ನಿಮಿಷ ಮಾತು, ಅದೇ ಗುಳಿಗೆ. "ನಿನ್ನೆ ಏನು ಉಂಡಿರಿ?" ಎಂದು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ಹೊಟ್ಟೆ ಮುಟ್ಟಿ ನೋಡದೆ ಫೋನಿನಲ್ಲಿ ಎಂಥ ಚಿಕಿತ್ಸೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ನಿದ್ದೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ, ರಕ್ತಹೀನತೆ ಇದ್ದರೆ ಮೊದಲು ಡಾಕ್ಟರ್ ನೋಡಲೇಬೇಕು. ರೋಗ ಯಾವುದೆಂದು ಹೇಳುವುದು ಡಾಕ್ಟರ ಕೆಲಸ. ಅದು ತಿಳಿದ ಮೇಲೆ ಉಳಿಯುವುದು ಊಟದ ಮಾತು. ಅದಕ್ಕೆ ಸ್ಟೆತಸ್ಕೋಪ್ ಬೇಡ. ಬರೆಯಲು ಬಾರದವರು ಉಂಡದ್ದನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಬಹುದು, ಅಡುಗೆಮನೆಯ ಡಬ್ಬಿಗಳನ್ನು ಫೋನಿನಲ್ಲೇ ತೋರಿಸಬಹುದು. ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಅದು ಆಗುವುದಿಲ್ಲ.

ಕಾನೂನಿನ ನೆಪವೂ ಬೇಡ. ಆರೋಗ್ಯ ಸಂಬಂಧಿ ವೃತ್ತಿಗಳ 2021ರ ರಾಷ್ಟ್ರೀಯ ಕಾಯ್ದೆ ಆಹಾರ ತಜ್ಞರನ್ನೂ ಪಟ್ಟಿಯಲ್ಲಿ ಸೇರಿಸಿದೆ.

ಹಾಗಾಗಿ ಕೇಳುವುದು ಇಷ್ಟೇ. ಜಿಲ್ಲೆಗೊಬ್ಬರಾದರೂ ಕನ್ನಡ ಬಲ್ಲ ಆಹಾರ ತಜ್ಞರನ್ನು ಇ-ಸಂಜೀವಿನಿಯಲ್ಲಿ ಕೂರಿಸಿ. ಅದೇ ರೋಗಿಗೆ ಅದೇ ತಜ್ಞರು ಮತ್ತೆ ಸಿಗುವಂತೆ ದಿನ ಗೊತ್ತುಮಾಡಿ. ಜೋಳ, ಸಜ್ಜೆ, ರಾಗಿ, ಅಕ್ಕಿ ಉಣ್ಣುವವರಿಗೆ ಅವರವರ ತಟ್ಟೆ ನೋಡಿ ಚಾರ್ಟ್ ಬರೆಯಿರಿ.

ಆ ಅಕ್ಕ ಇವತ್ತೂ ಮನೆಮಂದಿಗೆಲ್ಲ ರೊಟ್ಟಿ ಬಡಿದು, ಪಲ್ಯ ಮಾಡಿ ಬಡಿಸುತ್ತಾರೆ. ತಾವು ಮಾತ್ರ ಅನ್ನಕ್ಕೆ ನೀರು ಮಜ್ಜಿಗೆ ಸುರಿದುಕೊಂಡು ಕೂರುತ್ತಾರೆ. ಇದರಲ್ಲಿ ಯಾವುದನ್ನು ತಿನ್ನಬಹುದು ಎಂದು ಹೇಳುವವರು ಒಂದು ಫೋನ್ ಕರೆಯ ದೂರದಲ್ಲಿರಬೇಕಿತ್ತು.